ಕಾಲುಚೀಲದ ಇಲಿ

ಇವರು ಟವರ್ ಹತ್ತಿದ ದಿನ ನಾನು ಮನೇಲಿ ಕಾಲು ಸುಟ್ಟ ಬೆಕ್ಕು. ಒಲೆ ಹತ್ತಿರ ಹೋಗ್ತೀನಿ, ಯಾಕೆ ಬಂದೆ ಅಂತ ಮರೆತು ಬಾಗಿಲಿಗೆ ಬರ್ತೀನಿ. ಎದುರಿನ ಮರದ ಎಲೆ ಅಲ್ಲಾಡಿದರೆ ಸಾಕು, ಗಾಳಿಗೆ ಹಿಡಿ ಶಾಪ ಹಾಕಿ ಮತ್ತೆ ಒಳಗೆ. ನನ್ನ ಗಂಡನ ಕೆಲಸ ಮೊಬೈಲ್ ಟವರುಗಳಿಗೆ ಬಣ್ಣ ಬಳಿಯೋದು. ಕೆಂಪು ಒಂದು ಪಟ್ಟಿ, ಬಿಳಿ ಒಂದು ಪಟ್ಟಿ, ತುದಿವರೆಗೂ. ಸೊಂಟಕ್ಕೆ ಬೆಲ್ಟು, ಬೆಲ್ಟಿಗೆ ಕೊಕ್ಕೆ, ಅಷ್ಟೇ ಆಧಾರ. ನೆಲದ ಮೇಲೆ ಮಾಡೋಕೆ ಒಂದು ಕೆಲಸ ಸಿಗಲಿಲ್ವಾ ಈ ಮಹಾರಾಯರಿಗೆ ಅಂತ ಮದುವೆಯಾದಾಗಿನಿಂದ ಕೇಳ್ತಾನೇ ಇದೀನಿ.

ನಮ್ಮನೇಲಿ ಒಂದೇ ಕಟ್ಟುನಿಟ್ಟು. ಅವರು ಮೇಲಿರುವಾಗ ನಾವು ಫೋನ್ ಮಾಡಬಾರದು. ಜೇಬಲ್ಲಿ ಗುಂಯ್ ಅಂದರೆ ಕೈ ಅತ್ತ ಹೋಗುತ್ತೆ, ಗಮನ ಅತ್ತ ಹೋಗುತ್ತೆ. ಕೆಳಗಿಳಿದ ಮೇಲೆ ಅವರೇ ಮಾಡ್ತಾರೆ, "ಇಳಿದೆ" ಅಂತ. ಆ ಒಂದು ಮಾತು ಕಿವಿಗೆ ಬಿದ್ದ ಮೇಲೇ ನನಗೆ ಹೋದ ಜೀವ ಬಂದ ಹಾಗೆ.

ಹೊಸದರಲ್ಲಿ ನನ್ನ ಕೈ ನನ್ನ ಮಾತೇ ಕೇಳ್ತಿರಲಿಲ್ಲ. ತಾನಾಗಿ ಫೋನಿಗೆ ಹೋಗೋದು. ಒಂದು ಸಲ ಅತ್ತೆ ನೋಡಿ ಕೈ ಮೇಲೆ ಪಟ್ ಅಂತ ಹೊಡೆದರು. ಆಮೇಲೆ ಮಗನ ಹಳೇ ಕಾಲುಚೀಲ ಒಂದನ್ನ ಹುಡುಕಿ, ಹಿಮ್ಮಡಿಯ ತೂತಿಗೆ ತೇಪೆ ಹಾಕಿ, ಹೊಟ್ಟೆ ತುಂಬ ಸಾಸಿವೆ ಸುರಿದು ಬಾಯಿ ಹೊಲಿದರು. ಮಿಕ್ಕ ದಾರ ಬಾಲದ ಹಾಗೆ ನೇತಾಡ್ತಿತ್ತು. ನೋಡೋಕೆ ಥೇಟ್ ಇಲಿ. ಅಂಥದೇ ಇನ್ನೊಂದು ಅವರ ಮಡಿಲಲ್ಲಿ ಯಾವಾಗಲೂ ಇರ್ತಿತ್ತು, ಮಾವನ ಕಾಲುಚೀಲದ್ದು, ಹಿಸುಕಿ ಹಿಸುಕಿ ಬಣ್ಣವೇ ಹೋಗಿತ್ತು. ಮಾವನೂ ಇದೇ ಕೆಲಸದಲ್ಲಿದ್ದವರು, ಆಗ ಕರೆಂಟಿನ ಟವರುಗಳು.

"ತಗೋ. ಫೋನ್ ಮುಟ್ಟಬೇಕು ಅನ್ನಿಸಿದಾಗೆಲ್ಲ ಇದನ್ನ ಹಿಸುಕು."

"ಇಷ್ಟೊತ್ತು ಕೂತು ಮಾಡಿದ್ದು ಇದಾ ಅತ್ತೆ? ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯ್ತು."

"ಹಿಸುಕು ಅಂದೆ. ಮಾತಾಡು ಅನ್ನಲಿಲ್ಲ."

ಸುಳ್ಳು ಯಾಕೆ ಹೇಳಲಿ, ಅದು ನನ್ನ ಕಾಪಾಡ್ತು. ಬೆರಳ ಸಂದಿಯಲ್ಲಿ ಸಾಸಿವೆ ಸರಸರ ಅಂತ ಜಾರೋವಾಗ ಎದೆಬಡಿತ ಒಂಚೂರು ತಗ್ಗುತ್ತೆ. ಆದರೆ "ಇಳಿದೆ" ಅಂದ ಮರುಕ್ಷಣ ನಾನು ಇಲಿಯನ್ನ ಎತ್ತಿ ಕಪಾಟಿನ ಮೇಲೆ ಎಸೀತಿದ್ದೆ. ಅತ್ತೆ ಮಾತ್ರ ಬಿಡೋರಲ್ಲ. ಮಗ ಸಂಜೆ ಹೊಸ್ತಿಲು ದಾಟಿ ಚಪ್ಪಲಿ ಬಿಡೋವರೆಗೂ ಅವರ ಇಲಿಗೆ ಬಿಡುಗಡೆಯಿಲ್ಲ.

"ಫೋನ್ ಬಂತಲ್ಲ ಅತ್ತೆ, ಪಾಪ, ಇನ್ನಾದರೂ ಅದಕ್ಕೆ ಉಸಿರಾಡೋಕೆ ಬಿಡಿ" ಅಂತ ರೇಗಿಸ್ತಿದ್ದೆ.

"ನಂಗೆ ಅಭ್ಯಾಸ ಆಗಿಹೋಗಿದೆ ಕಣೆ. ನಿಂಗೇನು ಕಷ್ಟ?"

ಮೊನ್ನೆ ಬೆಳಗ್ಗೆಯಿಂದಲೇ ಗಾಳಿ. ಹಾಳು ಗಾಳಿ, ಕಿಟಕಿಗಳೆಲ್ಲ ದಡಬಡ. ನಾನು ಮನೇಲಿ ಹೊಲಿಗೆ ಕೆಲಸ ಮಾಡ್ತೀನಿ. ಯಾರದೋ ಪ್ಯಾಂಟಿಗೆ ಜಿಪ್ಪು ತಲೆಕೆಳಗಾಗಿ ಹೊಲಿದು, ಬಿಚ್ಚಿ, ಮತ್ತೆ ತಲೆಕೆಳಗಾಗಿಯೇ ಹೊಲಿದೆ. ಥೂ, ಅಂತ ಮಿಷಿನ್ ಬಿಟ್ಟು ಎದ್ದೆ. ಒಂದು ಕೈಯಲ್ಲಿ ಇಲಿ, ಒಂದು ಕಣ್ಣು ಫೋನಿನ ಮೇಲೆ. ಮಧ್ಯಾಹ್ನ ಅದು ಬಡಕೊಂಡಾಗ ಹಾರಿ ಹಿಡಿದೆ.

"ಇಳಿದೆ ಕಣೆ" ಅಂದರು. "ಊಟಾನೂ ಆಯ್ತು. ಪಲ್ಯ ಚೆನ್ನಾಗಿತ್ತು."

ಇಲಿ ಕಪಾಟಿನ ಮೇಲೆ ಬಿತ್ತು. ನಾನು ಹಾಡಿಕೊಂಡು ನೀರು ಕುಡಿಯೋಕೆ ಒಳಗೆ ಹೋದೆ. ನೀರಿನ ಕೊಡದ ಪಕ್ಕದಲ್ಲಿ ಅವರ ಊಟದ ಡಬ್ಬಿ ಕೂತಿತ್ತು, ನಾನು ಕಟ್ಟಿಟ್ಟ ಹಾಗೇ. ಬೆಳಗ್ಗೆ ಮರೆತೇ ಹೋಗಿದಾರೆ!

"ಪಲ್ಯ ಚೆನ್ನಾಗಿತ್ತಂತೆ ಅತ್ತೆ! ಇಲ್ಲಿ ನೋಡಿ ಪಲ್ಯ!" ಅಂತ ಡಬ್ಬಿ ಎತ್ತಿ ತೋರಿಸಿದೆ.

ಅತ್ತೆ ಬೆಚ್ಚಿಬಿದ್ದರು. "ಹೊರಗೆಲ್ಲೋ ತಿಂದಿರ್ತಾನೆ ಬಿಡು."

"ತಿಂದರೆ ತಿಂದೆ ಅನ್ನಬೇಕಪ್ಪ. ಸುಳ್ಳು ಯಾಕೆ? ಈ ಸಲದ ಕೆಲಸ ಬಸ್ ಡಿಪೋ ಹಿಂದೇನೇ ಅಲ್ವಾ? ಕೊಟ್ಟು, ಮುಖ ನೋಡ್ಕೊಂಡು ಬರ್ತೀನಿ."

"ಬೇಡ ಕಣೆ. ಈ ಗಾಳೀಲಿ... ನಂಗೆ ಯಾಕೋ ಮಂಡಿ ನೋವು, ಎಣ್ಣೆ ತಿಕ್ಕು ಬಾ."

ಮಂಡಿ ನೋವು ಆ ಕ್ಷಣಕ್ಕೆ ಹುಟ್ಟಿದ್ದು ಅಂತ ನನಗೇನು ಗೊತ್ತಾಗಲ್ವಾ? ಕೋಪ ನನ್ನ ಮೂಗಿನ ತುದೀಲೇ ಇರೋದು. ಡಬ್ಬಿ ಚೀಲಕ್ಕೆ ಹಾಕಿ ಹೊರಟೇಬಿಟ್ಟೆ. ದಾರಿಯುದ್ದಕ್ಕೂ ಗಾಳಿ ಕಣ್ಣಿಗೆ ಧೂಳು ತುಂಬ್ತು. ಸಿಗಲಿ, ಸರಿಯಾಗಿ ಬಿಸಿ ಮುಟ್ಟಿಸ್ತೀನಿ ಅಂತ ಬೈಕೊಂಡೇ ನಡೆದೆ.

ಡಿಪೋ ಹಿಂದಿನ ಬೇಲಿ ಹತ್ತಿರ ಇವರ ಜೊತೆಗಾರ ಒಬ್ಬನೇ ನಿಂತಿದ್ದ. ಕೆಳಗೆ ನಿಂತು ಹಗ್ಗದಲ್ಲಿ ಬಣ್ಣದ ಡಬ್ಬ ಮೇಲೆ ಕಳಿಸೋನು. ಎಲ್ಲರೂ ಹಗ್ಗದಣ್ಣ ಅಂತಾರೆ. ನನ್ನ ನೋಡಿದ್ದೇ ಅವನ ಮುಖ ಸುಣ್ಣ ಬಳಿದ ಹಾಗಾಯ್ತು.

"ಎಲ್ಲಿ ಅಣ್ಣ ಇವರು?"

ಅವನ ಕಣ್ಣು ಮೇಲೆ ಹೋಯಿತು. ನಾನೂ ಕತ್ತೆತ್ತಿದೆ. ತುದಿಯಲ್ಲಿ, ಆ ಗಾಳಿಯಲ್ಲಿ, ಬೆರಳುಗಾತ್ರದ ಒಬ್ಬ ಮನುಷ್ಯ. ಟವರೇ ತೂಗ್ತಿತ್ತೋ, ನನ್ನ ಕಣ್ಣೇ ತೂಗ್ತಿತ್ತೋ. ಇಳಿದೆ ಅಂದರಲ್ಲ! ಪಲ್ಯ ಅಂದರಲ್ಲ! ಕೈ ಆಗಲೇ ಫೋನ್ ತೆಗೆದು ಅವರ ಹೆಸರು ಒತ್ತೋಕೆ ಹೋಗಿತ್ತು.

ಹಗ್ಗದಣ್ಣ ಮಣಿಕಟ್ಟು ಹಿಡಿದುಕೊಂಡ. "ಬೇಡ ತಾಯಿ. ನಿನ್ನ ಕಾಲಿಗೆ ಬೀಳ್ತೀನಿ, ಬೇಡ."

"ದಿನಾ ಹೀಗೇನಾ?"

"ಹೀಗೇನೇ. ಅರ್ಧ ಕೆಲಸದಲ್ಲಿ ಕೊಕ್ಕೆ ಹಾಕ್ಕೊಂಡು ಕೂತು ಮನೆಗೆ ಫೋನ್ ಮಾಡ್ತಾನೆ. ಅದಾದ ಮೇಲೇ ತುದಿ ಹತ್ತೋದು. ಮನೇಲಿ ಹೆದರಿಕೊಂಡು ಕೂತಿದಾರೆ ಅಂದರೆ ಅವನ ಕೈ ನಡುಗುತ್ತಂತೆ. ನೀವು ನೆಮ್ಮದಿಯಾಗಿದೀರಿ ಅಂತ ಗೊತ್ತಾದರೆ ಮಾತ್ರ ನಡುಗಲ್ಲ. ನಿಮಗೆ ಗೊತ್ತಾಯ್ತು ಅಂತ ಅವನಿಗೆ ಗೊತ್ತಾದರೆ..." ಅಂದು ಮತ್ತೆ ಮೇಲೆ ನೋಡಿದ.

ಕಿರುಚಬೇಕು ಅನ್ನಿಸ್ತು. ಅಳಬೇಕು ಅನ್ನಿಸ್ತು. ಎರಡೂ ಮಾಡಲಿಲ್ಲ. ಹಿಸುಕೋಕೆ ಕೈಯಲ್ಲಿ ಏನೂ ಇರಲಿಲ್ಲ, ಸೀರೆ ಸೆರಗನ್ನೇ ಹಿಸುಕಿದೆ. ಡಬ್ಬಿ ಕೊಡೋ ಹಾಗೂ ಇಲ್ಲ, ಕೊಟ್ಟರೆ ಬಂದಿದ್ದು ತಿಳಿಯುತ್ತೆ. ಮೇಲಿಂದ ಕಾಣಬಾರದು ಅಂತ ಬೇಲಿ ಪಕ್ಕದಲ್ಲೇ ಬಗ್ಗಿಕೊಂಡು, ಕಳ್ಳಿ ಹಾಗೆ ವಾಪಸ್ ಬಂದೆ.

"ಸಿಕ್ಕಿದ್ನಾ?" ಅಂದರು ಅತ್ತೆ.

"ಹೂಂ. ಕೆಳಗೇ ಇದ್ದರು. ಊಟ ಆಗಿತ್ತಂತೆ, ಅದಕ್ಕೇ ಡಬ್ಬಿ ತಂದೆ."

ವಯಸ್ಸಾದ ಜೀವಕ್ಕೆ ಯಾಕೆ ಸಂಕಟ ಕೊಡಲಿ ಅಂತ ಹಾಗಂದೆ. ಅತ್ತೆ ನನ್ನ ಮುಖ ನೋಡಿದರು. ಅವರ ಬೆರಳು ಇಲಿಯನ್ನ ಹಿಸುಕ್ತಾನೇ ಇತ್ತು.

"ಅವನಪ್ಪನ ಕಾಲದಲ್ಲಿ ಫೋನ್ ಎಲ್ಲಿತ್ತು" ಅಂದರು. "ಇಳಿದ್ರು ಅಂತ ಯಾರ ಹತ್ರಾನೋ ಹೇಳಿ ಕಳಿಸೋರು. ಒಂದಿನ ನಾನೂ ನಿನ್ನ ಹಾಗೇ ಡಬ್ಬಿ ಹಿಡ್ಕೊಂಡು ಹೋಗಿದ್ದೆ."

ನಾನು ಡಬ್ಬಿ ಕೆಳಗಿಟ್ಟೆ. "ಮಾವನಿಗೆ ಹೇಳಿದ್ರಾ?"

"ಹೇಳಿ ಕೆಳಗೆ ಬೀಳಿಸಲಾ? ಹಾಸಿಗೆ ಮೇಲೆ ಕೆಮ್ಮಿ ಕೆಮ್ಮಿ ಹೋದರು ಪುಣ್ಯಾತ್ಮ. ಕೊನೇವರೆಗೂ ನಂಗೆ ಗೊತ್ತಿಲ್ಲ ಅಂದ್ಕೊಂಡೇ ಇದ್ದರು."

ಕಪಾಟಿನ ಮೇಲಿಂದ ನನ್ನ ಇಲಿಯನ್ನ ತೆಗೆದು ಧೂಳು ಕೊಡವಿ ನನ್ನ ಕೈಗೆ ಕೊಟ್ಟರು. ಇಬ್ಬರೂ ಪಕ್ಕಪಕ್ಕ ಕೂತೆವು. ಆ ಸಂಜೆ ಅಷ್ಟು ಉದ್ದ ಇರುತ್ತೆ ಅಂತ ನನಗೆ ಗೊತ್ತೇ ಇರಲಿಲ್ಲ. ಚಪ್ಪಲಿ ಬಿಟ್ಟ ಸದ್ದು ಕೇಳಿದಾಗ ಎರಡು ಇಲಿಗಳೂ ಒಟ್ಟಿಗೇ ಕೆಳಗೆ ಬಿದ್ದವು.

"ಯಾಕೆ ಇಬ್ಬರೂ ಹೀಗೆ ಕೂತಿದೀರ? ಇಳಿದೆ ಅಂತ ಆಗಲೇ ಫೋನ್ ಮಾಡಿದ್ನಲ್ಲ?"

"ಮಾಡಿದ್ರಿ, ಮಾಡಿದ್ರಿ. ಕೈ ತೊಳ್ಕೊಳ್ಳಿ" ಅಂದೆ. ಕೆಂಪು ಬಣ್ಣ ಮೆತ್ತಿದ ಆ ಕೈಯನ್ನ ಹಿಡ್ಕೊಂಡು ಗೋಳೋ ಅಂತ ಅಳೋಕೆ ಹೋದವಳು ಸೋಪು ಕೊಟ್ಟು ಸುಮ್ಮನಾದೆ.

ಇವತ್ತು ಮಧ್ಯಾಹ್ನ ಮತ್ತೆ ಫೋನ್ ಬಂತು. "ಇಳಿದೆ ಕಣೆ" ಅಂದರು. ಹಿಂದೆ ಗಾಳಿ ಹುಯ್ಯೆನ್ನೋದು ಈಗ ನನಗೆ ಚೆನ್ನಾಗಿ ಕೇಳುತ್ತೆ.

"ಸದ್ಯ, ನಂಗೆ ನೆಮ್ಮದಿ ಆಯ್ತು" ಅಂದೆ, ನಕ್ಕೊಂಡೇ ಅಂದೆ.

ಫೋನ್ ಇಟ್ಟೆ. ಇಲಿ ಇಡಲಿಲ್ಲ.