ಮಟ್ಟವಾದ ಮೆಟ್ಟಿಲು

ಹನ್ನೆರಡು ವರ್ಷ ನಮ್ಮೂರ ಗುಡ್ಡದ ಕಾಲುದಾರಿಗೆ ಕಲ್ಲು ಕೂರಿಸಿದವಳು ನಾನು. ದಿನಗೂಲಿ ಕೆಲಸ. ಮಳೆಗೆ ಜಾರಿದ ಕಲ್ಲನ್ನು ಹಾರೆಯಿಂದ ಮೀಟಿ, ಹೊತ್ತು ತಂದು ಮತ್ತೆ ಕೂರಿಸಬೇಕು. ಬಲಗೈಯ ಎರಡು ಉಗುರು ಕಲ್ಲಿನಡಿ ಸಿಕ್ಕಿ ಕಿತ್ತುಹೋದವು, ಮತ್ತೆ ಬೆಳೆಯಲಿಲ್ಲ. ಅದಕ್ಕೆ ಯಾರೂ ಅಯ್ಯೋ ಅಂದವರಿಲ್ಲ.

ಒಂದು ದಿನ ಕೂಲಿ ಕೊಡುವ ಸರ್ಕಾರಿ ಕಚೇರಿಯ ಸಾಹೇಬರು ಕರೆದು ಹೇಳಿದರು, "ನಾಳೆಯಿಂದ ಬರಬೇಡಮ್ಮ. ಪೇಟೆಯಿಂದ ಸ್ವಯಂಸೇವಕರು ಬರ್ತಾರೆ. ಪುಕ್ಕಟೆ ಮಾಡ್ತಾರೆ."

"ನಾನೇನ್ ಮಾಡ್ಲಿ ಸಾಹೇಬ್ರೆ?"

"ನೀನೂ ಪುಕ್ಕಟೆ ಬಾ. ಬೇಡ ಅಂದೋರ್ಯಾರು?"

ಭಾನುವಾರ ಅವರು ಬಂದರು. ಹದಿನೈದು ಜನ. ಕೈಗೆ ಹಳದಿ ಗ್ಲೌಸು, ಕಾಲಿಗೆ ಬೂಟು. ಅರ್ಧ ಗಂಟೆ ಕೆಲಸ, ಅರ್ಧ ಗಂಟೆ ಫೋಟೋ. ನೋಡಿ ನನಗೆ ಮೈಯೆಲ್ಲಾ ಉರಿಯಿತು. ಅವರಿಗೆ ಮುಂದಾಳು ಒಬ್ಬರು ಟೀಚರು, ನನ್ನದೇ ವಯಸ್ಸು. ಆಕೆಯ ನುಣುಪು ಕೈ ಕಂಡರೆ ಇನ್ನಷ್ಟು ಉರಿ. ಅದೂ ಸಾಲದು ಅಂತ ನನ್ನತ್ತೆ, "ಪಾಪ, ಬಿಸಿಲಲ್ಲಿ ಎಷ್ಟ್ ಕಷ್ಟಪಡ್ತಾರೆ ನೋಡೇ, ಪುಣ್ಯವಂತರು," ಅಂತ ಅವರಿಗೆ ನೀರು ತೆಗೆದುಕೊಂಡು ಹೋದರು. ನಮ್ಮ ಮನೆ ಆ ದಾರಿಯ ಬದಿಯಲ್ಲೇ ಇದೆ. ಹನ್ನೆರಡು ವರ್ಷದಲ್ಲಿ ನನಗೆ ಒಂದು ಲೋಟ ನೀರು ತಂದವರಲ್ಲ.

ಟೀಚರು ಒಂದೊಂದು ಮೆಟ್ಟಿಲಿನ ಮೇಲೂ ರಸಮಟ್ಟ ಇಟ್ಟು ನೋಡುತ್ತಿದ್ದರು. ಗಾಜಿನೊಳಗಿನ ಗುಳ್ಳೆ ನಟ್ಟನಡುವೆ ನಿಂತು ಮೆಟ್ಟಿಲು ಸಮಮಟ್ಟ ಅಂತ ತೋರಿಸಿದರೆ ಎಲ್ಲರದೂ ಚಪ್ಪಾಳೆ. ಮನೆ ಕಟ್ಟುವವರಿಗೆ ಅದು ಸರಿ. ಗುಡ್ಡದ ಮೆಟ್ಟಿಲು ಕಣಿವೆಯ ಕಡೆ ಬೆರಳಷ್ಟು ವಾಲಬೇಕು, ಇಲ್ಲದಿದ್ದರೆ ನೀರು ನಿಂತು ಪಾಚಿ ಕಟ್ಟುತ್ತದೆ. ನನಗೆ ಗೊತ್ತಿತ್ತು. ಹೇಳಲಿಲ್ಲ. ಮಳೆಗಾಲ ಬರಲಿ, ಇವರ ಬಣ್ಣ ಬಯಲಾಗಲಿ ಅಂತ ಬಾಯಿ ಮುಚ್ಚಿಕೊಂಡು ಕೂತೆ.

ಮಳೆ ಬಂತು. ಪಾಚಿ ಕಟ್ಟಿತು. ಜಾರಿ ಬಿದ್ದು ಸೊಂಟ ಮುರಿದುಕೊಂಡದ್ದು ನನ್ನತ್ತೆ.

"ಹೀಗಾಗುತ್ತೆ ಅಂತ ನಿಂಗೆ ಗೊತ್ತಿತ್ತೇನೇ?" ಮಲಗಿದಲ್ಲಿಂದಲೇ ಕೇಳಿದರು.

"ಗೊತ್ತಿತ್ತು ಅತ್ತೆ." ನಾಚಿಕೆಯಿಂದ ನನಗೆ ಅಳು ಬಂತು.

"ಮತ್ತೆ ಇಲ್ಲೇನ್ ಅಳ್ತಾ ಕೂತಿದ್ದೀಯ? ಹೋಗಿ ಆ ಮೆಟ್ಟಿಲು ಕಿತ್ತು ಹಾಕು."

ಮುಂದಿನ ಭಾನುವಾರ ಸಾಹೇಬರು ಗುಡ್ಡದ ಮೇಲೆ ಸ್ವಯಂಸೇವಕರ ಹೆಸರಿನ ಫಲಕ ನೆಡಿಸುತ್ತಿದ್ದರು. ನಾನು ಹಾರೆ ಹಿಡಿದು ಕೆಳಗಿನ ಮೆಟ್ಟಿಲು ಮೀಟತೊಡಗಿದೆ. ಸದ್ದು ಕೇಳಿ ಸಾಹೇಬರು, ಟೀಚರು, ಸ್ವಯಂಸೇವಕರು ಎಲ್ಲರೂ ಮೇಲಿನಿಂದ ಓಡಿ ಬಂದರು.

"ಏಯ್, ಸರ್ಕಾರದ ಮೆಟ್ಟಿಲು ಕೀಳ್ತೀಯಾ?" ಸಾಹೇಬರು ಕೂಗಿದರು. "ಬಿಡಿ ಮೇಡಂ, ಇವಳಿಗೆ ಹೊಟ್ಟೆಕಿಚ್ಚು."

"ಹೌದು, ಹೊಟ್ಟೆಕಿಚ್ಚೇ! ನನ್ನ ಕೆಲಸ ಕಿತ್ತು ಇವರ ಕೈಗೆ ಕೊಟ್ರಿ. ಉರೀದೆ ತಣ್ಣಗಿರುತ್ತಾ?"

ಟೀಚರು ಸಾಹೇಬರ ಕಡೆ ತಿರುಗಿದರು. "ಈ ದಾರಿಗೆ ಕೆಲಸದೋರೇ ಸಿಗಲ್ಲ ಅಂದಿದ್ರಲ್ಲ ಸಾರ್?"

ಸಾಹೇಬರು ವಾಚು ನೋಡಿಕೊಂಡರು. "ಟೈಮಾಯ್ತು, ಬರ್ತೀನಿ."

ನಾನು ಮೆಟ್ಟಿಲು ಕಿತ್ತ ಜಾಗದಲ್ಲೇ ದಾರಿಗೆ ಅಡ್ಡ ಕೂತೆ. "ಕೆಲಸ ವಾಪಸ್ ಕೊಡ್ತೀನಿ ಅಂತ ಬರೆದುಕೊಟ್ಟು ಇಳೀರಿ."

ಟೀಚರು ಗ್ಲೌಸು ಕಳಚಿ ನನ್ನ ಪಕ್ಕ ಬಂದು ಕೂತರು. ಆಗಲೂ ಆ ಕೈ ನೋಡಿ ನನಗೆ ಚುರ್ ಅಂದಿತು, ಸುಳ್ಳು ಯಾಕೆ ಹೇಳಲಿ. ಉಳಿದವರೂ ಒಬ್ಬೊಬ್ಬರಾಗಿ ಕೂತರು.

ಗುಡ್ಡ ಇಳಿಯಲು ಬೇರೆ ದಾರಿಯಿಲ್ಲ. "ದಾರಿ ಬಿಡಿ," ಅಂದರು ಸಾಹೇಬರು.

ಯಾರೂ ಏಳಲಿಲ್ಲ.