ಒಡಪು ಕೇಳಿದ ನೋಟ್‌ಬುಕ್

ನಾನು ಗಟ್ಟಿ ರಟ್ಟಿನ ಒಂದು ನೋಟ್‌ಬುಕ್. ಹುಬ್ಬಳ್ಳಿಯ ಬೈಂಡಿಂಗ್ ಅಂಗಡಿಯೊಂದರಲ್ಲಿ ನನ್ನ ಹಾಳೆಗಳನ್ನು ದಾರದಿಂದ ಹೊಲಿದು, ಬೆನ್ನಿಗೆ ಅಂಟು ಸವರಿ, ಭಾರದ ಕೆಳಗೆ ಒಣಗಿಸಿದರು. ಹಳೆಯ ಪ್ರೇಮಕಾವ್ಯಗಳ ನೆನಪಿಗೆಂದು ತಯಾರಾದವರು ನಾವು. ಜೊತೆಗೆ ಹುಟ್ಟಿದ ಅಕ್ಕತಂಗಿ ನೋಟ್‌ಬುಕ್‌ಗಳ ರಟ್ಟಿನ ಮೇಲೆ ಹಂಸ, ತಾವರೆ. ನನ್ನ ಮೇಲೆ ಉಪ್ಪರಿಗೆಯಲ್ಲಿ ನಿಂತು ಬೆಳದಿಂಗಳಿಗೂ ಬೇಯುವ ವಿರಹಿಣಿ. ಒಳಗೆ ಮಾತ್ರ ಎಲ್ಲ ಖಾಲಿ. ಇಂಥ ರಟ್ಟಿಗೆ ತಕ್ಕ ಮಾತನ್ನು ಯಾರು ಬರೆದಾರು ಎಂದು ನನಗೆ ಸದಾ ದಿಗಿಲು.

ಧಾರವಾಡದ ಅಂಗಡಿಯಲ್ಲಿ ನನ್ನನ್ನು ಕೈಗೆತ್ತಿಕೊಂಡವರು ನೀಲಗಂಗವ್ವ. ತಲೆ ಪೂರ್ತಿ ಬೆಳ್ಳಗಾಗಿತ್ತು.

"ಮೊಮ್ಮಗಳಿಗೇನ್ರಿ ಅಮ್ಮಾರ?" ಅಂಗಡಿಯವ ನಕ್ಕ.

"ಯಾಕ, ನಮ್ಮನಿಯವ್ರಿಗೆ ಕೊಡಬಾರದೇನು?"

ಅವರ ಯಜಮಾನರು ಕಲ್ಲಿನಾಥಪ್ಪ, ನಿವೃತ್ತ ಶಾಲಾ ಮಾಸ್ತರರು. ಲಕ್ವ ಹೊಡೆದು ಬಲಗೈಯೂ ಮಾತೂ ಹೋಗಿದ್ದವು. ದಿನಾ ಬರೆಸಿರಿ, ಮಾತಾಡಿಸಿರಿ, ಬಿಟ್ಟರೆ ಮಾತು ಮತ್ತೆ ಬರಲಿಕ್ಕಿಲ್ಲ ಎಂದಿದ್ದರು ವೈದ್ಯರು. ಮಕ್ಕಳ ಕಾಪಿಪುಸ್ತಕ ಕೊಟ್ಟರೆ ಮಾಸ್ತರರು ಎಸೆದುಬಿಡುತ್ತಿದ್ದರು. ನನ್ನನ್ನು ಎಸೆಯಲಿಲ್ಲ. ರಟ್ಟನ್ನು ಸವರಿ ನೋಡಿ, ಎಡಗೈಯಲ್ಲಿ ಪೆನ್ಸಿಲು ಹಿಡಿದು ಗೀಚಿದರು. ಪುಟಗಟ್ಟಲೆ ಗೀರು. ಅಕ್ಷರ ಮೂಡಲಿಲ್ಲ, ಬಾಯಿಂದ ಮಾತೂ ಹೊರಡಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ ನನ್ನನ್ನೂ ಮುಚ್ಚಿ ದೂರ ಸರಿಸಿ, ಗೋಡೆಯ ಕಡೆ ಮುಖ ತಿರುಗಿಸಿದರು.

ನೀಲಗಂಗವ್ವ ಗದರಲಿಲ್ಲ. ಬಾಗಿಲಿಗೆ ಹೋಗಿ, ತಲೆಯ ಮೇಲೆ ಸೆರಗು ಹೊದ್ದು, ಮದುವಣಗಿತ್ತಿಯಂತೆ ನಿಂತರು. ಅವರ ಕಡೆ ಹೊಸ ಸೊಸೆ ಗಂಡನ ಹೆಸರನ್ನು ಒಡಪಿನಲ್ಲಿ, ಅಂದರೆ ಪ್ರಾಸದ ಪುಟ್ಟ ಪದ್ಯದಲ್ಲಿ, ಕಟ್ಟಿ ಹೇಳದೆ ಹೊಸ್ತಿಲು ದಾಟುವಂತಿಲ್ಲ. ಆಮೇಲೆ ಆ ಹೆಸರನ್ನು ಸುಮ್ಮನೆ ಆಡುವಂತೆಯೂ ಇಲ್ಲ.

"ಕುಸುಬಿ ಹೂವ ಅರಳ್ಯಾವ ಹೊಲದಾಗ, ನನ್ನ ಮನದಾಗ ಇರೋ ಹೆಸರ..." ಎಂದು ನಿಲ್ಲಿಸಿದರು. "ಮುಂದಿಂದು ಮರತೈತ್ರಿ. ನೀವೇ ಹೇಳ್ರಿ, ಇಲ್ಲಾಂದ್ರ ನಾ ಒಳಗ ಬರೂದಿಲ್ಲ."

ಮಾಸ್ತರರು ತಿರುಗಿದರು. ತುಟಿ ಅಲುಗಿತು, ಕೊರಳ ನರ ಉಬ್ಬಿತು. ನನ್ನ ಹೊಲಿಗೆಯೆಲ್ಲ ಬಿಗಿಯಿತು.

"ನೀ... ಲ... ಗಂಗಾ."

"ಅಯ್ಯ, ತಪ್ಪು! ಅದು ನನ್ನ ಹೆಸರ್ರಿ! ಇಷ್ಟು ವರ್ಷ 'ಏ, ಇಲ್ಲಿ ಬಾ' ಅಂದೋರು, ಈಗ ನೋಡ್ರಿ..." ನಗುತ್ತ, ಅಳುತ್ತ ಅವರು ಒಳಗೆ ಬಂದರು.

ಈಗ ಮಾಸ್ತರರು ನಾಲ್ಕು ಮಾತಾಡುತ್ತಾರೆ, ಹೆಚ್ಚಿನವು ಬೈಗುಳ. ನನಗೆ ವಯಸ್ಸಾಗಿದೆ, ಮೂಲೆ ಸವೆದು ಕಿಟಕಿಯ ಬಳಿ ಒರಗಿದ್ದೇನೆ. ತೆರೆದರೆ ಓದಲು ಏನೂ ಸಿಗದು. ಆದರೆ ನೀಲಗಂಗವ್ವ ಈಗಲೂ ಆ ಹೊಸ್ತಿಲಲ್ಲಿ ತಡೆದು ನಿಲ್ಲುತ್ತಾರೆ. ತಮ್ಮ ಹೆಸರು ಕೇಳಿದ ಮೇಲೆಯೇ ಒಳಗೆ ಕಾಲಿಡುತ್ತಾರೆ. ಪ್ರತಿಸಲವೂ ನಾನು ಉಸಿರು ಬಿಗಿಹಿಡಿದು ಕಾಯುತ್ತೇನೆ.