ಬಿಡುಗಡೆಯ ಆಣೆ

"ಏ ಬೋಸುಡಿ, ಕೇರಿಗೆ ಕೇರೀನ ಕಣಕ್ಕ ಬಂದೈತಿ, ನಿನ್ನ ಗಂಡನೂ ಬಂದಾನ. ನೀ ಒಬ್ಬಾಕಿ ಯಾವೂರ ದೊರಿಸಾನಿಬೇ?"

ದೇಸಾಯಿಯ ಕಾರಭಾರಿ ಶಿವಯೋಗೆಪ್ಪ ಗುಡಿಸಲಿನ ತಟ್ಟಿಗೆ ಒದೆಯುತ್ತಿದ್ದ. ಒಳಗೆ ಬೋರವ್ವ ಬೀಸುವುದನ್ನು ನಿಲ್ಲಿಸಲಿಲ್ಲ.

"ಧಣ್ಯಾರು ನಮ್ಮನ್ನ ಜೀತದಿಂದ ಬಿಟ್ಟಾರಲ್ಲರಿ."

"ಬಿಟ್ಟದ್ದು ಜ್ವರದಾಗ. ಈಗ ಸುಗ್ಗಿ. ಇವತ್ತ ಬರಲಿಲ್ಲಂದ್ರ ಗುಡಸಲಕ್ಕ ಬೆಂಕಿ ಇಡ್ತೇನಿ ನೋಡ."

ಹಿಂದಿನ ದಸರೆಯ ಹೊತ್ತಿಗೆ ಮುಧೋಳ ಸಂಸ್ಥಾನದ ಆ ಊರಿಗೆ ದೊಡ್ಡ ಜ್ವರ ಬಂದಿತ್ತು. ದೇಸಾಯಿಯ ಬಂಧುಬಳಗವೆಲ್ಲ ಹೊಲಗಳಿಗೆ ಓಡಿಹೋಗಿ ಅವನೊಬ್ಬನೇ ವಾಡೆಯಲ್ಲಿ ನರಳುತ್ತಿದ್ದಾಗ, ನೀರು ಕೊಟ್ಟವರು ಹೊಲಗೇರಿಯ ಜೀತದವರು. ಆಗ ಅವನಿಗೆ ಮೈಲಿಗೆ ನೆನಪಾಗಿರಲಿಲ್ಲ. ಅದೇ ಜ್ವರಕ್ಕೆ ಸತ್ತ ತನ್ನ ಮಗಳನ್ನು ಹೂಳಿ ಬಂದ ಕೈಯಲ್ಲೇ ಬೋರವ್ವ ಅವನ ಬಾಯಿಗೆ ನೀರು ಬಿಟ್ಟಿದ್ದಳು. ಅವನು ಎಲ್ಲವ್ವನ ಅರಿಸಿನ ಭಂಡಾರ ಅಂಗೈಯಲ್ಲಿ ಹಿಡಿದು, ಎಲ್ಲರೆದುರು ಆಣೆ ಮಾಡಿದ್ದ: "ನಾ ಬದಕಿದ್ರ ನನ್ನ ಜೀತದಾಗ ಒಂದ ಜೀವ ಇರಾಂಗಿಲ್ಲ. ತಪ್ಪಿದ್ರ ನನ್ನ ಮನಿ ಹಾಳ ಬೀಳಲಿ."

ಬದುಕಿದ. ಬಿಟ್ಟ. ಜೋಳ ಕೊಯ್ಲಿಗೆ ಬಂದೊಡನೆ ಮತ್ತೆ ಕರೆಸಿದ. ಕೇರಿಯ ಹಿರಿಯ ಅಮಸಿದ್ದಪ್ಪ ತಲೆ ತಗ್ಗಿಸಿ ಮುಂದೆ ನಡೆದ. ಹಿಂದೆ ಎಲ್ಲರೂ. ಬೋರವ್ವನ ಗಂಡ ಹೆಂಡತಿಯ ಮುಖ ನೋಡದೆ ಎದ್ದು ಹೋಗಿದ್ದ.

ಶಿವಯೋಗೆಪ್ಪ ಹೋದ ಮೇಲೆ ಬೋರವ್ವ ಬೇವಿನ ಮರದ ಕಡೆ ನಡೆದಳು. ಮಿಶನ್ನಿನ ಉಪದೇಶಿ ಗಂಗಾರಾಮ ಅಲ್ಲಿ ಕೂತಿದ್ದ. ಕೇರಿಯಲ್ಲಿ ಅವನ ಮಾತನ್ನು ಕೊನೆಯವರೆಗೆ ಕೇಳುವವಳು ಅವಳೊಬ್ಬಳೇ. ಬೈಬಲ್ಲಿನಲ್ಲಿ ಬರುವ ಯೆರೂಸಲೇಮಿನ ಧಣಿಗಳ ಕಥೆಯನ್ನು ಅವಳಿಗೆ ಅವನೇ ಹೇಳಿದ್ದ. ವೈರಿಗಳು ಊರು ಮುತ್ತಿದಾಗ ಅವರು ಹೆದರಿ, ಕರು ಕಡಿದು, ಮಾತು ಮುರಿದರೆ ನಮಗೂ ಇದೇ ಗತಿಯೆಂದು ಎರಡು ಹೋಳಿನ ನಡುವೆ ದಾಟಿ, ಆಳುಗಳನ್ನು ಬಿಡುತ್ತೇವೆಂದು ದೇವರಿಗೆ ಮಾತು ಕೊಟ್ಟರು. ವೈರಿಗಳು ಹಿಂದೆ ಸರಿದ ಕೂಡಲೇ ಅದೇ ಆಳುಗಳನ್ನು ಎಳೆದು ತಂದರು. ಆಗ ಪ್ರವಾದಿ ಯೆರೆಮೀಯ ಅವರೆದುರು ನಿಂತು ಶಾಪ ನುಡಿದ.

"ಅದನ್ನ ಕಣದಾಗ ಬಂದು ಒಮ್ಮಿ ಹೇಳ್ರಿ, ಮಾಸ್ತರ."

ಗಂಗಾರಾಮ ಸುತ್ತಲೂ ನೋಡಿದ. "ಅದು ಇಸ್ರಾಯೇಲರಿಗೆ ಹೇಳಿದ್ದವ್ವಾ. ನಾವು ಧಣ್ಯಾರಿಗೆ ವಿಧೇಯರಾಗಿರಬೇಕು."

"ಮಾತ ನಡಸಿದ್ರ ಆಶೀರ್ವಾದ, ಮುರದ್ರ ಶಾಪ ಅಂದ್ರಿ. ಮುರದಾಂವ ಅಂವ. ಶಾಪ ನಮಗ್ಯಾಕ್ರಿ?"

"ಪ್ರಾರ್ಥನಿ ಮಾಡೂಣು," ಎಂದು ಅವನು ಕಣ್ಣು ಮುಚ್ಚಿದ. ತೆರೆಯುವಷ್ಟರಲ್ಲಿ ಅವಳು ಹೋಗಿದ್ದಳು.

ಕಣ ಹೊಳೆಯ ದಂಡೆಯ ಮೇಲಿತ್ತು. ದೇಸಾಯಿ ಮಂಚದ ಮೇಲೆ ಕೂತು ಎಲೆ ಮೆಲ್ಲುತ್ತಿದ್ದ. ಅವಳ ಗಂಡ ಕಣದ ನಡುವಿನ ಮೇಟಿಕಂಬದ ಸುತ್ತ ಎತ್ತು ಹೊಡೆಯುತ್ತಿದ್ದ.

"ಬಂದ್ಯಾ? ಹಿಡಿ ಕಸಬರಗಿ," ಎಂದ ದೇಸಾಯಿ.

"ದುಡ್ಯಾಕ ಬಂದಿಲ್ಲರಿ. ಭಂಡಾರ ಮುಟ್ಟಿ ಕೊಟ್ಟ ಮಾತ ಮುರದೀರಿ. ಅದನ್ನ ಹೇಳಾಕ ಬಂದೇನಿ."

ದೇಸಾಯಿ ಬಾಯಲ್ಲಿದ್ದ ಎಲೆ ಉಗುಳಿದ.

"ಹೊಲತಿ ನನಗ ಶಾಪ ಹಾಕ್ತಿ ಏನಲೇ?"

"ನಾ ಎಲ್ಲಿ ಹಾಕ್ಲಿರಿ? ನಿಮ್ಮ ಬಾಯಿಲೇ ನೀವ ಹಾಕ್ಕೊಂಡೀರಿ. ನಾವೆಲ್ಲಾ ಕೇಳೇವಿ."

ದೇಸಾಯಿ ಎದ್ದು ಬರಲಿಲ್ಲ. ಅವಳ ಗಂಡನತ್ತ ಬೆರಳು ಮಾಡಿದ. "ಲೇ, ನಿನ್ನ ಹೇಂತಿ ಬಾಯಿ ನೀನ ಮುಚ್ಚಸು."

ಗಂಡ ಬಾರುಕೋಲು ಕೆಳಗಿಟ್ಟು ಬಂದ. ಕೆನ್ನೆಗೆ ಹೊಡೆದ. ಮತ್ತೊಮ್ಮೆ ಹೊಡೆದ. ಅವಳ ಬಾಯಲ್ಲಿ ರಕ್ತ ಬಂತು. ಬೋರವ್ವ ಅದೇ ಕೈ ಹಿಡಿದುಕೊಂಡಳು.

"ಬಾ, ಹೊಳಿ ದಾಟೂಣು. ಆಚೀಕಡೆ ಬಿಳಗಿ ಸೀಮಿ, ಇಂವನ ಮಾತ ಅಲ್ಲಿ ನಡಿಯಾಂಗಿಲ್ಲ."

ಅವನು ಕೈ ಬಿಡಿಸಿಕೊಂಡು ಎತ್ತುಗಳ ಕಡೆ ಹೋದ. ಅಮಸಿದ್ದಪ್ಪ ನೆಲ ನೋಡುತ್ತಿದ್ದ. ಹೆಂಗಸರು ತೆನೆ ಆರಿಸುತ್ತಿದ್ದರು.

ಬೋರವ್ವ ದಂಡೆಯಿಳಿದು ನೀರಿಗೆ ಕಾಲಿಟ್ಟಳು. ಮೊಣಕಾಲುದ್ದ ನೀರು. ಹಿಂದೆ ಯಾವ ಹೆಜ್ಜೆಯ ಸಪ್ಪಳವೂ ಇರಲಿಲ್ಲ. ನಡುಹೊಳೆಯಲ್ಲಿ ನಿಂತು ತಿರುಗಿದಳು. ಮದುವೆಯಲ್ಲಿ ಒಡಪು ಹಾಕಿ, ಪದ್ಯದೊಳಗೆ ಸೇರಿಸಿ ಹೇಳಿದ್ದು ಬಿಟ್ಟರೆ, ಗಂಡನ ಹೆಸರನ್ನು ಅವಳು ಎಂದೂ ಬಾಯಿಬಿಟ್ಟು ಆಡಿರಲಿಲ್ಲ.

"ಕಾಮಣ್ಣಾ!"

ಕಣಕ್ಕೆ ಕಣವೇ ತಲೆಯೆತ್ತಿತು. ಎತ್ತುಗಳು ನಿಂತವು.

"ಏ ಕಾಮಣ್ಣಾ!"

ಅವನು ಅತ್ತ ನೋಡಿದ. ಶಿವಯೋಗೆಪ್ಪ ಏನೋ ಬೈದ. ಕಾಮಣ್ಣ ಬಾರುಕೋಲು ಬೀಸಿದ, ಎತ್ತುಗಳು ಮತ್ತೆ ಸುತ್ತತೊಡಗಿದವು.